ಪಟ್ಟಿ ಕಟ್ಟಿದ್ದು ನನ್ನ ತೋಳಿಗೆ

ಭಾಗ್ಯಮ್ಮ, ನಿನ್ನ ಗಂಡನ ಹೆಸರಿನಲ್ಲಿ ದಿನಾ ಬೆಳಿಗ್ಗೆ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತಿದ್ದ ಬಿ.ಪಿ. ಅವನದಲ್ಲ, ನನ್ನದು. ಮಿಷನ್ನಿನ ಪಟ್ಟಿ ಕಟ್ಟುತ್ತಿದ್ದದ್ದು ನನ್ನ ತೋಳಿಗೆ. ಇದನ್ನು ಅವನು ಹೋದ ದಿನವೇ, ಆಸ್ಪತ್ರೆಯ ಬಾಗಿಲಲ್ಲೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ.

ನಿಂಗನೂ ನಾನೂ ವಿರೂಪಾಕ್ಷಿಪುರದ ಸ್ಕೂಲಿನಿಂದ ಜೊತೆ. ಆಮೇಲೆ ಚನ್ನಪಟ್ಟಣದಿಂದ ಬಿಡದಿಗೆ ಫ್ಯಾಕ್ಟರಿ ಬಸ್ ಓಡಿಸುವುದರಲ್ಲೂ ಜೊತೆ. ಅವನು ಹೋಗುವುದಕ್ಕೆ ಕೆಲವು ತಿಂಗಳ ಮೊದಲು ಡ್ರೈವರುಗಳ ತಪಾಸಣೆಯಲ್ಲಿ ಅವನಿಗೆ ಬಿ.ಪಿ. ಜಾಸ್ತಿ ಬಂತು. ಡಾಕ್ಟರು ಮಾತ್ರೆ ಬರೆದು, ಒಂದು ಮಿಷನ್ ಕೊಟ್ಟು ಕಳಿಸಿದರು. ಅದರಲ್ಲಿ ನೋಡಿದ್ದು ಮೊಬೈಲಿಗೆ ಹೋಗುತ್ತದೆ, ಮೊಬೈಲಿನಿಂದ ನೇರ ಆಸ್ಪತ್ರೆಗೆ. ಬಿ.ಪಿ. ಇಳಿಯುವ ತನಕ ಬಸ್ ಮುಟ್ಟುವ ಹಾಗಿಲ್ಲ ಅಂದರು. ಆ ದಿನಗಳಲ್ಲಿ ಅವನು ಹೇಗಿದ್ದ ಅಂತ ನೀನೇ ನೋಡಿದ್ದೀಯ — ಜಗಲಿ ಮೇಲೆ ಕೂತು, ದೂರದಲ್ಲಿ ಹಾರನ್ ಕೇಳಿದರೆ ಸಾಕು, "ಅದು ನನ್ ಗಾಡಿ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಮಿಷನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ನಾನು ಬಸ್ ನಿಲ್ಲಿಸುವ ಜಾಗಕ್ಕೆ ಬಂದ.

"ಲೇ, ಒಸಿ ಕೈ ಕೊಡ್ಲಾ. ಒಂದ್ ವಾರ ಅಷ್ಟೆ. ಆಮ್ಯಾಕೆ ನಂದೇ ಇಳೀತದೆ."

ಕೊಟ್ಟೆ. ಕೈ ಕೊಡುವುದು ಅನ್ನುವ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ — ಅದು ಆಗ ಹೊಳೆಯಲಿಲ್ಲ.

ಅವನಿಗೆ ಬಸ್ ವಾಪಸ್ ಸಿಕ್ಕಿತು. ವಾರ ಹೋಗಿ ತಿಂಗಳುಗಳಾದವು. ದಿನಾ ಬಸ್ ತೆಗೆಯುವ ಮೊದಲು ನನ್ನ ತೋಳಿಗೆ ಪಟ್ಟಿ. "ನಿನ್ ಮೈಯಲ್ಲಿ ಓಡೋದು ರಕ್ತ ಅಲ್ಲ ಕಣ್ಲಾ, ಮಜ್ಜಿಗೆ" ಅಂತ ರೇಗಿಸುತ್ತಿದ್ದ. ನಗುತ್ತಿದ್ದೆವು. ಆ ಬಸ್ಸಿನ ತುಂಬ ಜನ ಕೂರುತ್ತಿದ್ದರು, ಅದೂ ನಮಗೆ ಲೆಕ್ಕಕ್ಕೆ ಬರಲಿಲ್ಲ. ಡಾಕ್ಟರು ಕಂಪ್ಯೂಟರು ನೋಡಿ ಮೆಚ್ಚಿಕೊಂಡು ಮಾತ್ರೆ ಕಮ್ಮಿ ಮಾಡಿದರು. "ನೋಡ್ದೇನ್ಲಾ!" ಅಂತ ನಿಂಗ ಹಿಗ್ಗಿದ. ನನಗೂ ಖುಷಿಯಾಯಿತು, ಭಾಗ್ಯಮ್ಮ. ಅದು ಅವನದೇ ರಕ್ತ ಅಂತ ಇಬ್ಬರೂ ನಂಬಿಬಿಟ್ಟಿದ್ದೆವು. ಒಂದು ಸಲ ಅವನ ತೋಳಿಗೇ ಕಟ್ಟಿ ನೋಡೋಣ ಅಂತ ಯಾರಿಗೂ ಅನ್ನಿಸಲಿಲ್ಲ — ಇಲ್ಲ, ಇದೂ ಸುಳ್ಳು. ನನಗೆ ಅನ್ನಿಸಿತ್ತು. ಬಸ್ಸಿಗೆ ಹೊತ್ತಾಗಿತ್ತು, ಬಿಟ್ಟೆ.

ಆ ದಿನ ಬೆಳಿಗ್ಗೆ ನಡೆದದ್ದನ್ನು ನೀನು ಅದೆಷ್ಟು ಜನರ ಮುಂದೆ ಹೇಳಿಕೊಂಡು ಅತ್ತಿದ್ದೀಯ. ತಲೆ ಸಿಡಿಯುತ್ತಿದೆ, ಇವತ್ತು ಹೋಗುವುದಿಲ್ಲ ಅಂದ ಅವನು. ನೀನು ಅವನ ಮೊಬೈಲ್ ತೆಗೆದು ಹಿಂದಿನ ದಿನದ್ದು ನೋಡಿದೆ. "ಬಿ.ಪಿ. ಚೆನ್ನಾಗೈತಲ್ಲ, ನಾಟ್ಕ ಆಡ್ಬ್ಯಾಡಿ, ಎದ್ದೋಗಿ" ಅಂದೆ. ಅವನು ಎದ್ದು ಬಂದ.

ಮುಂದಿನದು ನಿನಗೆ ಗೊತ್ತಿಲ್ಲ. ನನಗೂ ಹೇಳಿದ, ತಲೆ ನೋವು ಅಂತ. "ಟೀ ಕುಡಿ, ಸರಿಯೋಯ್ತದೆ" ಅಂದು ನಾನು ತೋಳು ಚಾಚಿದೆ. ಅವತ್ತೂ! ಎಂದಿನ ಹಾಗೆ ಚೆನ್ನಾಗಿಯೇ ಬಂತು, ಆಸ್ಪತ್ರೆಗೆ ಹೋಯಿತು. ಅವನು ಬಸ್ ಹತ್ತಲು ಬಾಗಿಲು ಹಿಡಿದವನು ಅಲ್ಲೇ ಕುಸಿದ.

ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಅಂದ ಡಾಕ್ಟರು, ಕಂಪ್ಯೂಟರು ನೋಡುತ್ತಾ ನಿನ್ನನ್ನು ಕೇಳಿದರು — "ಬೆಳಿಗ್ಗೆ ಕೂಡ ಚೆನ್ನಾಗಿತ್ತಲ್ಲಮ್ಮ. ಮನೇಲಿ ಏನಾದ್ರೂ ಗಲಾಟೆ ಆಯ್ತಾ?" ತಲೆ ನೋವು ಅಂದವನನ್ನು ಎಬ್ಬಿಸಿ ಕಳಿಸಿದ್ದನ್ನು ನೀನು ಅವರಿಗೆ ಹೇಳಿಕೊಂಡೆ. ನಾನು ಪಕ್ಕದಲ್ಲೇ ಇದ್ದೆ. ನನ್ನ ಶರಟಿನ ಎಡತೋಳು ಇನ್ನೂ ಮಡಚಿಕೊಂಡೇ ಇತ್ತು. ಅದನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡೆ.

ಯಾಕೆ ಸುಮ್ಮನಿದ್ದೆ ಅಂದರೆ — ಬೇಡ, ಏನು ಹೇಳಿದರೂ ಸಬೂಬೇ ಆಗುತ್ತದೆ. ನಾನು ಸುಮ್ಮನಿದ್ದದ್ದಕ್ಕೆ ನಿನ್ನ ಅತ್ತೆ ನಿನ್ನನ್ನು ಗಂಡನ್ನ ತಿಂದವಳು ಅಂದರು. ಪವಿತ್ರ, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನಿನ್ನ ಜೊತೆ ಮಾತು ಬಿಟ್ಟಳು. ಮೊನ್ನೆ ವರ್ಷದ ತಿಥಿಯಲ್ಲಿ ಎಲೆಗೆ ಬಡಿಸುತ್ತಾ ನೀನು "ಅಣ್ಣಾ, ನಾನೇ ಅವ್ರುನ್ನ ಕಳುಸ್ಬುಟ್ಟೆ" ಅಂದೆ. ನಾನು "ಹಣೆಬರಹ ಕಣವ್ವ" ಅಂದೆ. ಅಂದು, ಅನ್ನ ಕಲಸಿಕೊಂಡು ಉಂಡೆ. ಅವನ ಹೆಸರಿನ ಅನ್ನ.

ನೀನು ನಿರ್ದಯಿ ಅಲ್ಲ. ಮೊಬೈಲು ಹೇಳಿದ್ದನ್ನು ನಂಬಿದೆ, ಡಾಕ್ಟರು ನಂಬಿದ ಹಾಗೆ. ಆಸ್ಪತ್ರೆಗೆ ಹೋಗಿ ಅವರ ಮುಂದೆಯೂ ಒಪ್ಪಿಕೊಳ್ಳುತ್ತೇನೆ. ಕೆಲಸ ಹೋಗಲಿ, ಕೇಸಾಗಲಿ. ಅದಕ್ಕೂ ಮೊದಲು ಈ ಭಾನುವಾರ ಪವಿತ್ರ ಮನೆಯಲ್ಲಿರುವಾಗ ಬರುತ್ತೇನೆ. ಒಳಗೆ ಕರೆಯಬೇಡ, ಕಾಫಿ ಇಡಬೇಡ. ನಿನ್ನ ಅತ್ತೆಯೂ ಕೇಳಿಸಿಕೊಳ್ಳುವ ಹಾಗೆ ಬಾಗಿಲಲ್ಲೇ ನಿಂತು ಪವಿತ್ರಳಿಗೆ ಹೇಳುತ್ತೇನೆ: "ನಿಮ್ಮವ್ವಂದು ಏನೂ ತಪ್ಪಿಲ್ಲ ಕಣವ್ವ. ನಿಮ್ಮಪ್ಪ ಉಸಾರಾಗವ್ನೆ ಅಂತ ಅವ್ಳಿಗೆ ದಿನಾ ಸುಳ್ಳು ಹೇಳ್ದೋನು ನಾನು."