ಅಂಟದ ರೋಗ

ಹೊಟ್ಟೆನೋವು ಮೊದಲು ಬಂದಾಗ ನಾನು ಮಗಳಿಗೆ ಹಾಲು-ರೊಟ್ಟಿ ತಿನ್ನಿಸುತ್ತಿದ್ದೆ. ಬಲಗಡೆ, ಹೊಕ್ಕುಳಿನ ಕೆಳಗೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಕರುಳನ್ನು ಯಾರೋ ಹಿಂಡಿದರು. ತುತ್ತು ಕೈಯಲ್ಲೇ ನಿಂತಿತು. ಸಿಂಚನಾ ಬಾಯಿ ತೆರೆದು ಕಾಯ್ದಳು, ಆಮೇಲೆ ತಾನೇ ನನ್ನ ಕೈ ಎಳೆದು ಬಾಯಿಗಿಟ್ಟುಕೊಂಡಳು. ಆಗ ಅವಳಿಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ನೋವು ಹೋಯಿತು. ನಾನೂ ಮರೆತೆ.

ಮರುದಿನ ಊಟವಾದ ಮೇಲೆ ಮತ್ತೆ ಬಂತು.

ನಮ್ಮದು ಇಳಕಲ್ಲಿನ ನೇಕಾರರ ಓಣಿಯ ಮನೆ. ಪಡಸಾಲೆಯಲ್ಲಿ, ನೆಲದ ಕುಣಿಗೆ ಕಾಲಿಳಿಬಿಟ್ಟು ನೇಯುವ ಎರಡು ಕುಣಿಮಗ್ಗ. ಒಂದರಲ್ಲಿ ನನ್ನ ಗಂಡ ಕೂರುತ್ತಾರೆ, ಇನ್ನೊಂದರಲ್ಲಿ ಭಾವ. ನಾನು ಮತ್ತು ಭಾವನ ಹೆಂಡತಿ ಗಿರಿಜಕ್ಕ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತೇವೆ, ರೊಟ್ಟಿ ಬಡಿಯುತ್ತೇವೆ. ಅತ್ತೆ ನಮ್ಮೆಲ್ಲರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಗಿರಿಜಕ್ಕ ನನಗಿಂತ ಬಹಳ ವರ್ಷ ಮೊದಲೇ ಈ ಮನೆಗೆ ಸೊಸೆಯಾಗಿ ಬಂದವಳು. ಅವಳಿಗೆ ಮಕ್ಕಳಿಲ್ಲ.

ಊರಿನ ಡಾಕ್ಟರು ಗ್ಯಾಸ್ ಎಂದರು. ಅದಕ್ಕೆ ಬಗ್ಗದಾಗ ಜಂತು ಎಂದರು. ಅತ್ತೆ ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದರೆ ದೃಷ್ಟಿ ಇಲ್ಲ ಎಂದು ಲೆಕ್ಕ. ಮಗ್ಗ ಬಿಟ್ಟು ಇಬ್ಬರು ಗಂಡಸರೂ ಕೆಮ್ಮುತ್ತ ಹೊರಗೆ ಓಡಿದರು. ಅಂದಮೇಲೆ ದೃಷ್ಟಿಯೂ ಅಲ್ಲ.

ತಿಂದದ್ದು ಒಳಗೆ ನಿಲ್ಲುತ್ತಿರಲಿಲ್ಲ. ಹಿತ್ತಿಲಿನ ಸಂಡಾಸು ನಮಗೂ ಪಕ್ಕದ ಮನೆಯವರಿಗೂ ಸೇರಿ ಒಂದೇ. ಬೆಳಗಿನ ಹೊತ್ತು ನಾನು ಒಳಗಿದ್ದರೆ ಹೊರಗೆ ತಂಬಿಗೆ ಹಿಡಿದವರ ಸಾಲು. ಸುಮಾ ಅಲ್ಲೇ ಸಂಸಾರ ಹೂಡ್ಯಾಳ ಎಂದು ಪಕ್ಕದ ಮನೆಯಾಕೆ ನಕ್ಕಳು. ನಾನೂ ಒಳಗಿನಿಂದಲೇ ನಕ್ಕೆ. ಬಾಯಲ್ಲಿ ಹುಣ್ಣಾಯಿತು, ಸಂಜೆಗೆ ಸಣ್ಣ ಜ್ವರ ಬರತೊಡಗಿತು, ಜಂಪರುಗಳೆಲ್ಲ ಮೈಮೇಲೆ ನೇತಾಡತೊಡಗಿದವು. ಕೊನೆಗೆ ಬಾಗಲಕೋಟೆಗೆ ಹೋದೆವು. ಸ್ಕ್ಯಾನ್ ಆಯಿತು, ಕೊಲೊನೋಸ್ಕೋಪಿ ಆಯಿತು. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗದಲ್ಲಿ ಹುಣ್ಣು ಮತ್ತು ಬಾವು ಇತ್ತು.

ಟಿಬಿ ಇರಬೇಕು ಎಂದರು.

ಡಾಕ್ಟರು ಅನ್ಯಾಯ ಮಾಡಲಿಲ್ಲ. ಇದು ಕರುಳಿನ ಟಿಬಿ, ಪುಪ್ಪುಸದಲ್ಲಿ ಏನೂ ಇಲ್ಲ, ಕೆಮ್ಮಿನಿಂದ ಹರಡುವಂಥದ್ದಲ್ಲ ಎಂದು ಎರಡೆರಡು ಸಲ ಹೇಳಿದರು. ನನ್ನ ಗಂಡ ಮನೆಗೆ ಬಂದು ಅದನ್ನೇ ಅಕ್ಷರ ಬಿಡದೆ ಒಪ್ಪಿಸಿದರು. ಆದರೆ ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಮಾತು. ಮಾವ ಟಿಬಿಯಿಂದ ಹೋದವರು. ಅದೇ ಪಡಸಾಲೆಯಲ್ಲಿ, ಮಗ್ಗದ ಕುಣಿಯ ಪಕ್ಕದಲ್ಲಿ ಮಲಗಿ, ರಕ್ತ ಕೆಮ್ಮಿ ಕೆಮ್ಮಿ ಹೋದರು.

"ನಾ ಕಣ್ಣಿಲೆ ಕಂಡೇನಿ," ಎಂದರು ಅತ್ತೆ. "ಮನ್ಯಾಗ ಸಣ್ಣ ಕೂಸೈತಿ. ಕೂಸಿಗೆ ಹತ್ತಿತಂದ್ರ ನಿಮ್ಮ ಡಾಕ್ಟರ ಬಂದು ಎತ್ತಿಕೊಡ್ತಾನೇನು?"

ಅಂದೇ ನನಗೆ ಬೇರೆ ತಾಟು, ಬೇರೆ ಲೋಟ ಆಯಿತು. ಗುರುತು ಸಿಗಲೆಂದು ಲೋಟದ ಕಂಠಕ್ಕೆ ಒಂದು ಎಳೆ ಕೆಂಪು ರೇಷ್ಮೆ ಕಟ್ಟಿದರು. ಹಾಸಿಗೆ ನೂಲಿಡುವ ಕೋಣೆಗೆ ಹೋಯಿತು. ಸಿಂಚನಾ ಗಿರಿಜಕ್ಕನ ಕೋಣೆಗೆ ಹೋದಳು.

ಕಂಡಿಕೆ ಸುತ್ತುವ ಕೆಲಸ ಮಾತ್ರ ನನಗೇ ಉಳಿಯಿತು. ನಾನು ಮುಟ್ಟಿದ ನೂಲು ಸೀರೆಯಾಗುತ್ತಿತ್ತು, ಆ ಸೀರೆ ಉಟ್ಟು ಯಾರೋ ಮದುವೆಗೆ ಹೋಗುತ್ತಿದ್ದರು. ಅದಕ್ಕೆ ಯಾರದೂ ತಕರಾರಿಲ್ಲ. ಒಮ್ಮೆ ಅತ್ತೆಯನ್ನು ಕೇಳಿಯೇಬಿಟ್ಟೆ, ನೂಲಿಗೆ ಹತ್ತುವುದಿಲ್ಲವೇ ಎಂದು. ಅವರು ಇನ್ನೊಂದು ನೂಲಿನ ಲಡಿ ತಂದು ನನ್ನ ಮುಂದೆ ಇಟ್ಟು ಹೋದರು.

ಮೊದಮೊದಲು ಸಿಂಚನಾ ಕೋಣೆಯ ಬಾಗಿಲಿಗೆ ಬಂದು ಅಳುತ್ತಿದ್ದಳು. ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಅಳದೆ ನಿಂತು ನೋಡುತ್ತಿದ್ದಳು. ಆಮೇಲೆ ಆಡುತ್ತ ಆಡುತ್ತ ಬಾಗಿಲು ದಾಟಿ ಹೋಗುತ್ತಿದ್ದಳು, ನೋಡುತ್ತಿರಲಿಲ್ಲ. ಗಿರಿಜಕ್ಕನನ್ನು ದೊಡ್ಡವ್ವ ಎನ್ನುತ್ತಿದ್ದವಳು ಒಂದು ದಿನ ಅವ್ವ ಎಂದಳು. ಯಾರೂ ತಿದ್ದಲಿಲ್ಲ. ನಾನು ಒಳಗೆ ಕಂಡಿಕೆ ಸುತ್ತುತ್ತಿದ್ದೆ, ನನಗೂ ಕೇಳಿಸಿತು. ನನ್ನನ್ನು ಅವಳು ಸುಮಾ ಎಂದು ಕರೆಯತೊಡಗಿದಳು, ಮನೆಯವರೆಲ್ಲ ಕರೆಯುವ ಹಾಗೆ.

ಇನ್ನೊಂದು ದಿನ ಪಡಸಾಲೆಯಲ್ಲಿ ಆಡುತ್ತಿದ್ದಳು. ಗೊಂಬೆಗಳನ್ನು ಸಾಲಾಗಿ ಊಟಕ್ಕೆ ಕೂರಿಸಿ, ಒಂದನ್ನು ಮಾತ್ರ ಗೋಡೆಯ ಕಡೆಗೆ ದೂರ ಇಟ್ಟಳು. ಅದ್ಯಾಕ ಅಲ್ಲಿ ಎಂದು ಭಾವ ಕೇಳಿದರು.

"ಅಕಿಗೆ ರೋಗ ಐತಿ," ಎಂದಳು ನನ್ನ ಮಗಳು.

ಟಿಬಿಯ ಗುಳಿಗೆ ನುಂಗಿದೆ. ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗಿತು, ಅನ್ನ ಕಂಡರೆ ವಾಕರಿಕೆ. ಆದರೂ ನುಂಗಿದೆ. ಏಕೆಂದರೆ ಈ ಗುಳಿಗೆಗೆ ಒಂದು ಕೊನೆ ಇತ್ತು. ಕೋರ್ಸ್ ಮುಗಿದ ದಿನ ಆ ಕೆಂಪು ಎಳೆ ಹರಿದು ಒಲೆಗೆ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅತ್ತೆಯೂ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಿದ್ದರು. ಕೆಟ್ಟವರಲ್ಲ ಅವರು. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಸಿಟ್ಟಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಕೋರ್ಸ್ ಮುಗಿಯುತ್ತ ಬಂತು, ನೋವು ಮುಗಿಯಲಿಲ್ಲ. ಹೊಟ್ಟೆ ಉಬ್ಬಿ, ಕುಡಿದ ನೀರೂ ವಾಂತಿಯಾಗತೊಡಗಿತು. ಮಗ್ಗದಲ್ಲಿ ಮುಗಿಸಿಕೊಡಲೇಬೇಕಾದ ಸೀರೆ ಇತ್ತು, ಆದ್ದರಿಂದ ಗಂಡ ಸಂಜೆಗೆ ಬರುವುದೆಂದಾಯಿತು. ನನ್ನ ಜೊತೆ ಬಾಗಲಕೋಟೆಯ ಬಸ್ಸು ಹತ್ತಿದವಳು ಗಿರಿಜಕ್ಕ.

ಹುನಗುಂದ ದಾಟಿದ ಮೇಲೆ ಹೊಟ್ಟೆ ಕೈಕೊಟ್ಟಿತು. ತಡೆಯುವ ಮಾತೇ ಇರಲಿಲ್ಲ. ಗಿರಿಜಕ್ಕ ಎದ್ದು ಹೋಗಿ ಡ್ರೈವರನ ಹತ್ತಿರ ಏನು ಹೇಳಿದಳೋ, ಬಸ್ಸು ನಿಂತಿತು. ರಸ್ತೆಯ ಪಕ್ಕ ಒಂದು ಜಾಲಿಕಂಟಿ, ಅದರಲ್ಲಿ ಎಲೆಗಿಂತ ಮುಳ್ಳೇ ಹೆಚ್ಚು. ಅವಳು ಬಸ್ಸಿಗೆ ಮುಖ ಮಾಡಿ, ತನ್ನ ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಬಿಡಿಸಿ ಹಿಡಿದು ನಿಂತಳು. ಬರೀ ಜಂಪರಿನಲ್ಲಿ, ಬಸ್ಸಿನ ಅಷ್ಟೂ ಮಂದಿಯ ಮುಂದೆ. ನಾನು ಅವಳ ಬೆನ್ನ ಹಿಂದೆ ಕುಳಿತು ಅತ್ತುಬಿಟ್ಟೆ. ಎಲ್ಲ ಮುಗಿದ ಮೇಲೆ ಬಾಟಲಿಯ ನೀರು ಕೊಟ್ಟಳು. ನನ್ನ ಸೀರೆಗೆ ಹತ್ತಿದ್ದನ್ನು ತಾನೇ ತೊಳೆದಳು. ಬಸ್ಸು ಹತ್ತಿದಾಗ ಯಾರೂ ನಮ್ಮ ಕಡೆ ನೋಡಲಿಲ್ಲ, ಕಂಡಕ್ಟರು ಸುಮ್ಮನೆ ಕಿಟಕಿಯ ಸೀಟು ಬಿಡಿಸಿಕೊಟ್ಟ.

ಅವತ್ತಿನಷ್ಟು ಗಿರಿಜಕ್ಕನನ್ನು ನಾನು ಯಾವತ್ತೂ ದ್ವೇಷಿಸಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಮಗಳನ್ನು ಕಸಿದುಕೊಂಡಳು ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಬಹುದಿತ್ತು. ಹೊಲಸು ತೊಳೆದ ಕೈಯನ್ನು ಏನೆಂದು ಬಯ್ಯುವುದು?

ದವಾಖಾನೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಸಿಟಿ ಸ್ಕ್ಯಾನ್ ಆಯಿತು, ಮತ್ತೆ ಕೊಲೊನೋಸ್ಕೋಪಿ ಮಾಡಿ ಬಯಾಪ್ಸಿ ತೆಗೆದರು. ಈ ಸಲ ನೋಡಿದವರು ಬೇರೆ ಡಾಕ್ಟರು, ಹೊಟ್ಟೆ-ಕರುಳಿನ ಸ್ಪೆಷಲಿಸ್ಟು. ರಿಪೋರ್ಟ್ ಬಂದ ದಿನ ನನ್ನ ಗಂಡನೂ ಇದ್ದರು.

"ಇದು ಟಿಬಿ ಅಲ್ರಿ," ಎಂದರು ಡಾಕ್ಟರು. "ಕ್ರೋನ್ಸ್ ಅಂತ. ಮೈ ಕಾಯೂ ಶಕ್ತಿನ ಹಾದಿ ತಪ್ಪಿ ನಿಮ್ಮ ಕರುಳಿನ ಮ್ಯಾಲೆ ಬಿದ್ದೈತಿ."

ಕರುಳಿನೊಳಗೆ ಎರಡೂ ಒಂದೇ ಥರ ಕಾಣುತ್ತವೆ, ನಮ್ಮ ಕಡೆ ಟಿಬಿ ಹೆಚ್ಚಾದ್ದರಿಂದ ಮೊದಲು ಅದಕ್ಕೇ ಔಷಧ ಕೊಟ್ಟು ನೋಡುತ್ತಾರೆ, ಮೊದಲಿನವರದು ತಪ್ಪಲ್ಲ ಎಂದು ವಿವರಿಸಿದರು. ನನಗೆ ಬೇಕಾದದ್ದು ಒಂದೇ ಉತ್ತರ.

"ಕೂಸಿನ ಕೂಡ ಒಂದ ತಾಟಿನ್ಯಾಗ ಉಣಬಹುದೇನ್ರಿ?"

ಅವರಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ. ಧಾರಾಳವಾಗಿ ಉಣ್ಣಿ, ಇದು ಯಾರಿಗೂ ಹತ್ತುವುದಿಲ್ಲ ಎಂದರು. ಕೈಗೆ ಸಲೈನ್ ಚುಚ್ಚಿಸಿಕೊಂಡೇ ನಾನು ನಕ್ಕೆ. ಆ ಖುಷಿಯಲ್ಲಿ, ಗುಳಿಗೆ ಎಷ್ಟು ದಿನ ಎಂದು ಕೇಳಲು ನಾನು ಮರೆತೆ. ನನ್ನ ಗಂಡ ಕೇಳಿದರು.

"ಇದು ಹೋಗೂ ರೋಗ ಅಲ್ರಿ. ಹತೋಟಿಯೊಳಗ ಇಟ್ಕೊಂಡು ಬಾಳೇ ಮಾಡಬೇಕು."

ಗಂಡ ಮುಖ ತಿರುಗಿಸಿದರು. ವಾಸಿಯಾಗುವ ರೋಗವನ್ನು ಕಿತ್ತುಕೊಂಡು ವಾಸಿಯಾಗದ್ದನ್ನು ಕೈಗಿಟ್ಟಿದ್ದರು, ನಾನು ಅದಕ್ಕೆ ನಗುತ್ತಿದ್ದೆ.

ಮನೆಗೆ ಬಂದವಳು ಚಪ್ಪಲಿ ಬಿಟ್ಟ ಕಾಲಲ್ಲೇ ಹೋಗಿ ಸಿಂಚನಾಳನ್ನು ಎತ್ತಿಕೊಂಡೆ. ಅವಳು ಕಿರುಚಿದಳು. ಅವ್ವಾ ಅವ್ವಾ ಎಂದು ಎರಡೂ ಕೈ ಚಾಚಿದಳು, ನನ್ನ ಹೆಗಲ ಮೇಲಿಂದ ಆಚೆಗೆ. ನಾನು ಬಿಡಲಿಲ್ಲ. ಗಿರಿಜಕ್ಕ ಅಡುಗೆಮನೆಗೆ ಹೋದಳು, ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು, ನಡುವೆ ನಿಂತಿತು. ಮಗಳು ನನ್ನ ಕುತ್ತಿಗೆಯನ್ನು ಕಚ್ಚಿದಳು. ಆಗ ಬಿಟ್ಟೆ.

ಅತ್ತೆ ಹೊಸ ರೋಗವನ್ನು ನಂಬಲಿಲ್ಲ. ಯಾರೂ ಕೇಳದ ಹೆಸರು, ಟಿಬಿಯನ್ನು ಮುಚ್ಚಿಡಲು ಹೇಳಿದ್ದಿರಬೇಕು ಎಂದರು. "ಮದಲನೇ ಡಾಕ್ಟರೂ ಡಾಕ್ಟರ ಅಲ್ಲೇನು? ನಾಳೆ ಮೂರನೇದವ ಮತ್ತೊಂದು ಹೇಳಿದ್ರ?"

ಸ್ಟೆರಾಯ್ಡ್ ಶುರುವಾಯಿತು. ನೋವು ಇಳಿಯಿತು, ಮುಖ ಊದಿತು. ಮೈಕೈ ತುಂಬಿಕೊಂಡಾಳ ಎಂದು ಓಣಿಯವರು ಮೆಚ್ಚಿದರು. ಹಸಿವು ಎಂದರೆ ಹಸಿವು, ಆದರೆ ತಿನ್ನುವುದೇನು? ಕರುಳು ಕಿರಿದಾದ ಕಡೆ ಸಿಕ್ಕಿಹಾಕಿಕೊಳ್ಳುವಂಥದ್ದೇನೂ ಬೇಡ ಎಂದಿದ್ದರು. ಒಣಗಿದ ಕಟಕ ರೊಟ್ಟಿ ಇಲ್ಲ, ಹಸಿ ಸೊಪ್ಪು-ತಪ್ಪಲು ಇಲ್ಲ, ಶೇಂಗಾ ಇಲ್ಲ, ಕೆಂಪು ಚಟ್ನಿ ಅಂತೂ ಇಲ್ಲವೇ ಇಲ್ಲ. ಮೆತ್ತನ್ನ ಅನ್ನ, ಮಜ್ಜಿಗೆ, ಗಂಜಿ. ಎಲ್ಲರ ತಾಟಿನಲ್ಲಿ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತ ಗಂಜಿ ಕುಡಿದು ನೋಡಿ, ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ಎಂದು ತಿಳಿಯುತ್ತದೆ. ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಕೆಂಪು ಎಳೆಯನ್ನು ನಾನೇ ಹರಿದೆ, ಆದರೆ ಆ ಲೋಟದಲ್ಲಿ ಮನೆಯ ಬೇರೆ ಯಾರೂ ನೀರು ಕುಡಿಯಲಿಲ್ಲ.

ಸಿಂಚನಾ ನಿಧಾನಕ್ಕೆ ಬಂದಳು. ಮಧ್ಯಾಹ್ನದ ಹೊತ್ತು ಬಂದು ಕಂಡಿಕೆ ತಿರುಗುವುದನ್ನು ನೋಡುತ್ತಿದ್ದಳು. ಬೆರಳು ಕೊಟ್ಟರೆ ಹಿಡಿಯುತ್ತಿದ್ದಳು. ಹಸಿವಾದರೆ, ನಿದ್ದೆ ಬಂದರೆ ಗಿರಿಜಕ್ಕನೇ ಬೇಕು. ನಾನು ಸುಮಾ ಆಗಿಯೇ ಉಳಿದೆ. ಸುಮಾ ಒಳ್ಳೆಯವಳು, ಕಥೆ ಹೇಳುತ್ತಾಳೆ, ಅಷ್ಟೆ.

ಸ್ಟೆರಾಯ್ಡ್ ಇಳಿಸಿ ಇನ್ನೊಂದು ಗುಳಿಗೆ ಕೊಟ್ಟರು, ಅಜಾಥಿಯೋಪ್ರಿನ್. ಮೈ ಕಾಯುವ ಶಕ್ತಿಯನ್ನೇ ಕುಗ್ಗಿಸುವ ಗುಳಿಗೆ ಅದು. ಆಗಾಗ ರಕ್ತಪರೀಕ್ಷೆ ಆಗಬೇಕು, ಮನೆಯಲ್ಲಿ ಯಾರಿಗಾದರೂ ಜ್ವರ, ಗುಳ್ಳೆ ಎದ್ದರೆ ಹತ್ತಿರ ಹೋಗಬಾರದು, ಕೂಡಲೇ ಫೋನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು.

ಅಂಗನವಾಡಿಯಿಂದ ಸಿಂಚನಾ ಚಿಕನ್‌ಪಾಕ್ಸ್ ತಂದಳು.

ಅಮ್ಮ ಬಂದಾಳ ಎಂದು ಅತ್ತೆ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದರು. ನಾನು ಫೋನ್ ಮಾಡಿದೆ. ಸಣ್ಣವರಿದ್ದಾಗ ನಿಮಗೆ ಬಂದಿತ್ತೇ ಎಂದು ಡಾಕ್ಟರು ಕೇಳಿದರು. ಗುಡೂರಿನ ತವರಿಗೆ ಕೇಳಿದರೆ, ನಿನಗೋ ನಿನ್ನ ತಂಗಿಗೋ, ಒಬ್ಬರಿಗೆ ಬಂದಿತ್ತು ಎಂದಳು ನಮ್ಮವ್ವ. ಅದು ಸಾಲದು, ಈಗಲೇ ಮನೆ ಬಿಡಿ, ನಾಳೆ ಬಂದು ತೋರಿಸಿ ಎಂದರು ಡಾಕ್ಟರು. ಈ ಸಲ ನನ್ನನ್ನು ಹೊರಗೆ ಹಾಕಿದ್ದು ಅತ್ತೆಯಲ್ಲ. ಅವರು ನನ್ನ ಚೀಲ ತುಂಬುತ್ತ ಅಳುತ್ತಿದ್ದರು.

ನನಗೆ ಅದು ಬರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ಬರೆದುಕೊಟ್ಟ ಔಷಧ ಕಾಯ್ದಿತೋ, ಹಣೆಬರಹವೋ. ಕರುಳೂ ಸದ್ಯಕ್ಕೆ ಸುಮ್ಮನಿದೆ. ಮೆತ್ತನ್ನ ಬಿಸಿ ರೊಟ್ಟಿ ಅರ್ಧ ತಿನ್ನುತ್ತೇನೆ. ಇನ್ನೊಮ್ಮೆ ಕೆರಳಬಹುದು, ಆಪರೇಷನ್ ಬೇಕಾಗಬಹುದು, ಬೇಕಾಗದೆಯೂ ಇರಬಹುದು. ಇಷ್ಟಾದರೂ ಆಯಿತಲ್ಲ ಎಂದು ಕೈಮುಗಿಯುತ್ತೇನೆ, ಮುಗಿಯುವಾಗ ಸ್ವಲ್ಪ ಸಿಟ್ಟೂ ಇರುತ್ತದೆ.

ಸಿಂಚನಾಳಿಗೆ ಗುಳ್ಳೆ ಎದ್ದ ಆ ದಿನಗಳಲ್ಲಿ ನನ್ನನ್ನು ಇರಿಸಿದ್ದು ಪಕ್ಕದ ಓಣಿಯಲ್ಲಿ, ಗಂಡನ ಸೋದರತ್ತೆಯ ಮನೆಯಲ್ಲಿ. ಮಧ್ಯಾಹ್ನ ಆದರೆ ಸಾಕು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ನಮ್ಮ ಓಣಿಗೆ ಬಂದು ಎದುರು ಮನೆಯ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದೆ. ಗಿರಿಜಕ್ಕ ಸಿಂಚನಾಳನ್ನು ಕಿಟಕಿಯ ಗೂಡಿನಲ್ಲಿ ನಿಲ್ಲಿಸಿ, ಬೀಳದಂತೆ ಸೊಂಟ ಹಿಡಿದುಕೊಂಡು ತೋರಿಸುತ್ತಿದ್ದಳು. ಮುಖದ ತುಂಬ ಗುಳ್ಳೆ, ಕಣ್ಣೆಲ್ಲ ಊದಿದ್ದವು. ಒಂದು ಮಧ್ಯಾಹ್ನ ನನಗೆ ತಡೆಯಲಾಗದೆ ಕಟ್ಟೆ ಬಿಟ್ಟು ಓಣಿ ದಾಟತೊಡಗಿದೆ.

"ಅವ್ವಾ," ಎಂದು ಕೂಗಿದಳು ಸಿಂಚನಾ.

"ಏನವಾ," ಎಂದಳು ಅವಳ ಬೆನ್ನ ಹಿಂದಿನಿಂದ ಗಿರಿಜಕ್ಕ, ರೂಢಿಯಂತೆ.

ಸಿಂಚನಾ ತಲೆಯಾಡಿಸಿದಳು. "ನೀ ಅಲ್ಲ, ಅಕಿ," ಎಂದು ಸರಳಿನ ಸಂದಿಯಿಂದ ನನ್ನ ಕಡೆ ಬೆರಳು ತೋರಿಸಿದಳು. ಆಮೇಲೆ ನನಗೆ ಹೇಳಿದಳು: "ಅಲ್ಲೇ ನಿಂದ್ರು. ಹತ್ತರ ಬರಬ್ಯಾಡ. ನಂದು ನಿನಗ ಹತ್ತತೈತಿ."

ನಾನು ಓಣಿಯ ನಡುವೆ ಅಲ್ಲೇ ನಿಂತೆ. ಮಗಳ ಮುಖವನ್ನೇ ನೋಡುತ್ತಿದ್ದೆ, ಅವಳ ಸೊಂಟ ಹಿಡಿದಿದ್ದ ಆ ಎರಡು ಕೈಗಳನ್ನು ನೋಡುತ್ತಿದ್ದೆ. ಅದಕ್ಕಿಂತ ಮೇಲಕ್ಕೆ, ಗಿರಿಜಕ್ಕನ ಮುಖಕ್ಕೆ ಕಣ್ಣೆತ್ತಲು ನನಗೆ ಧೈರ್ಯವಾಗಲಿಲ್ಲ. ಕೈಗಳು ಮಾತ್ರ ಸಡಿಲಾಗಲಿಲ್ಲ.