ಹೋಳಿಗೆ ತಿಂದ ಡಂಗ್ರಿ

ಒಣಗಿದ ಬೇವಿನ ಎಲೆಯ ವಾಸನೆ ನಿಮಗೂ ಗೊತ್ತಿರಬೇಕು. ಜೋಳದ ಚೀಲದಿಂದ, ಟ್ರಂಕಿನ ತಳದಿಂದ ಬರುತ್ತದಲ್ಲ, ಅದೇ. ಇಂದು ಮುಂಜಾನೆ ಅದು ನನ್ನ ಮೊಮ್ಮಗಳು ಅಕ್ಷತಾಳ ಕೈಚೀಲದಿಂದ ಬಂತು. ಲಕ್ಷ್ಮೇಶ್ವರದಿಂದ ಅವರಪ್ಪ ಕರೆತಂದು ಬೆಟಗೇರಿಯ ನಮ್ಮ ಮನೆಯಲ್ಲಿ ಬಿಟ್ಟು ಹೋದ ಕೂಡಲೇ, ಚೀಲವನ್ನು ನನ್ನ ತೊಡೆಯ ಮೇಲೆ ಒಗೆದು ನೀರು ಕುಡಿಯಲು ಒಳಗೆ ಓಡಿದಳು. ನಾನು ಚೀಲ ಬಿಚ್ಚಿ, ಮೂಸಿ, ಒಬ್ಬಳೇ ಕೂತು ನಕ್ಕೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಯಾಕಿಷ್ಟು ಹಿಗ್ಗು ಎನ್ನುತ್ತೀರಾ? ಅದನ್ನು ಹೇಳಬೇಕಾದರೆ ಹೋದ ಬೇಸಿಗೆಯಲ್ಲಿ ನನ್ನ ಮಾನ ಹೋದದ್ದನ್ನೂ ಹೇಳಬೇಕು. ನಾಚಿಕೆ ಬರುತ್ತದೆ. ಹೇಳುತ್ತೇನೆ ಬಿಡಿ, ನೀವೇನು ನಮ್ಮ ಓಣಿಯವರಲ್ಲವಲ್ಲ.

ಆಗ ರಜೆಗೆ ಬಂದಿದ್ದ ಅಕ್ಷತಾ ಮೊಬೈಲಿನಲ್ಲಿ ಒಂದು ಉಡುಪು ತೋರಿಸಿದ್ದಳು. ಪ್ಯಾಂಟಿಗೇ ಎದೆಯವರೆಗೆ ಬಟ್ಟೆ ಹಚ್ಚಿ, ಭುಜದ ಮೇಲಿಂದ ಎರಡು ಪಟ್ಟಿ ಇಳಿಸಿ ಗುಂಡಿ ಹಾಕಿದ್ದರು. ಡಂಗ್ರಿ ಎಂದು ಅದರ ಹೆಸರಂತೆ.

"ಇದರಾಗೇನೈತಿ, ನಾ ಹೊಲದು ಕೊಡ್ತೀನಿ," ಎಂದುಬಿಟ್ಟೆ.

"ನಂದು ನಾನ ಹೊಲ್ಕೋತೀನಿ. ನಿಂದು ನೀ ಹೊಲ್ಕೋ."

"ನನಗ್ಯಾಕವಾ? ಮುದುಕಿ ಪ್ಯಾಂಟ್ ಹಾಕ್ಕೊಂಡ್ರ ಮಂದಿ ನಗಂಗಿಲ್ಲೇನು?"

"ಮಾಳಿಗಿ ಮ್ಯಾಲ ಶಂಡಿಗಿ ಹಾಕುವಾಗ ಸೀರಿ ಹಿಟ್ಟಿನಾಗ ಅದ್ದತೈತಿ ಅಂತ ದಿನಾ ಒದರತಿಯಲ್ಲ? ಹೊಲ್ಕೋ."

ನನಗೆ ಬರುವುದು ಹಳೆ ಸೀರೆಗಳ ಕೌದಿಯ ಹೊಲಿಗೆಯೊಂದೇ. ಯಂತ್ರ ಮುಟ್ಟಿದವಳಲ್ಲ, ಶಾಲೆಯನ್ನೇ ನಾಲ್ಕನೇ ಇಯತ್ತೆಗೆ ಬಿಟ್ಟವಳು. ನಮ್ಮ ಮನೆಯವರು ಮಗ್ಗದ ಮೇಲೆ ನೇಯ್ದಿದ್ದ ಹಳೆಯ ಸೀರೆಯೊಂದಿತ್ತು, ತೊಳೆದೂ ತೊಳೆದೂ ಬೆಣ್ಣೆಯಂತಾಗಿತ್ತು. ಅದನ್ನು ನೆಲಕ್ಕೆ ಹಾಸಿ, ಅಕ್ಷತಾಳನ್ನು ಅದರ ಮೇಲೆ ಮಲಗಿಸಿ, ಸುತ್ತಲೂ ಅವಳ ಶಾಲೆಯ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದೆ. ಆಮೇಲೆ ನಾನು ಮಲಗಿದೆ. "ಅಜ್ಜಿ, ನೀ ಸೀರಿ ಬಿಟ್ಟು ಹೊರಗ ಹೊಂಟಿ!" ಎಂದು ಅವಳು ಉರುಳಾಡಿ ನಕ್ಕಳು. ಮಗ್ಗುಲಿಗೆ ಇನ್ನೊಂದು ಸೀರೆ ಹಾಸಬೇಕಾಯಿತು.

ಕೌದಿ ಮುಗಿಸುವಾಗ ಒಂದು ಮೂಲೆಯನ್ನು ತೆರೆದಿಟ್ಟು, ಒಳಗೆ ಹೋಳಿಗೆಯ ಚೂರು ಇಟ್ಟು ಹೊಲಿಯುವುದು ನಮ್ಮವ್ವನ ಪದ್ಧತಿ. ಹಸಿದ ಕೌದಿ ಬಾಳುವುದಿಲ್ಲ, ಅದರ ಹೊಟ್ಟೆ ತುಂಬಿಸಬೇಕು ಎನ್ನುತ್ತಿದ್ದಳು. ಡಂಗ್ರಿಯಾದರೂ ಅದೇ ಸೀರೆಯ ಕೂಸಲ್ಲವೇ? ನನ್ನದರ ಎದೆಪಟ್ಟಿಯ ಮೂಲೆಯಲ್ಲಿ ದೊಡ್ಡ ಚೂರನ್ನೇ ಇಟ್ಟು ಹೊಲಿದೆ. ಅಕ್ಷತಾಳದು ಇನ್ನೂ ಮುಗಿದಿರಲಿಲ್ಲ, ಅದರ ಮೂಲೆ ತೆರೆದೇ ಇತ್ತು.

ಮರುದಿನ ಕುಪ್ಪಸದ ಮೇಲೆ ಡಂಗ್ರಿ ಏರಿಸಿ ಮಾಳಿಗೆ ಹತ್ತಿದೆ. ಖರೆ ಹೇಳುತ್ತೇನೆ, ಕಾಲಿಗೆ ರೆಕ್ಕೆ ಬಂದಂತಾಗಿತ್ತು. ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ಬೀಗತೀ, ಮನ್ಯಾಗದೀರೇನ್ರೀ?"

ಅಕ್ಷತಾಳ ಇನ್ನೊಬ್ಬ ಅಜ್ಜಿ, ನನ್ನ ಮಗಳ ಅತ್ತೆ! ಆಕೆಯ ತಲೆಯ ಮೇಲಿಂದ ಸೆರಗು ಜಾರಿದ್ದನ್ನು ನಾನೊಮ್ಮೆಯೂ ಕಂಡಿಲ್ಲ. ಹಿಂದೆಯೇ ಅಳಿಯಂದಿರು. ಹಗ್ಗದ ಮೇಲಿದ್ದ ಸೀರೆ ಎಳೆದು, ಡಂಗ್ರಿಯ ಮೇಲೆಯೇ ಸುತ್ತಿಕೊಂಡು, ಜೋಳದ ಚೀಲದಂತೆ ಉಬ್ಬಿ ಕೆಳಗಿಳಿದೆ. ಅಲ್ಲಿಯವರೆಗೆ ಹೋಳಿಗೆ ತಿನ್ನುತ್ತ ಸುಮ್ಮನಿದ್ದ ಇರುವೆಗಳು, ಮೇಲೆ ಸೀರೆ ಬಿಗಿದ ಕೂಡಲೇ ಎದ್ದವು.

"ಕುಂಡ್ರಿ, ಯಾಕ ನಿಂತೀರಿ?" ಎಂದರು ಬೀಗತಿ.

"ಇರ್ಲಿರೀ, ಸೊಂಟ ಹಿಡದೈತಿ."

"ಸೊಂಟ ಹಿಡದವರು ಹಿಂಗ ಕುಣಿಯಂಗಿಲ್ಲ ಬಿಡ್ರಿ."

"ಅಜ್ಜಿ, ಕುತ್ತಿಗಿ ಮ್ಯಾಲ ಇರಿವಿ! ಬಿಚ್ಚು, ಬಿಚ್ಚು!" ಎಂದು ಅಕ್ಷತಾ ಚೀರಿದಳು. ಬೀಗತಿಗೆ ಕೊಡಲು ಹಿಡಿದಿದ್ದ ಚಹಾದ ಕಪ್ಪು ಕೈಜಾರಿತು. ಸೀರೆ ಕಿತ್ತು ಒಗೆದೆ. ಬೀಗತಿಯ ಮುಂದೆ, ಅಳಿಯನ ಮುಂದೆ, ಡಂಗ್ರಿ ತೊಟ್ಟು ನಿಂತೆ. ಅಳಿಯಂದಿರು ಗೋಡೆಯ ಕಡೆ ಮುಖ ತಿರುಗಿಸಿದರು. ಬೀಗತಿ ಎದ್ದು ಬಂದು ಎದೆಪಟ್ಟಿಯ ಮೂಲೆ ಮುಟ್ಟಿ ನೋಡಿ, "ಹೋಳಿಗಿ ಇಟ್ಟೀರೇನು?" ಎಂದರು. ಹೌದೆಂದು ತಲೆ ಆಡಿಸಿದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಕೆ ತುಟಿ ಬಿಗಿಹಿಡಿದು, "ನಮ್ಮ ಸಂಬಂಧದಾಗ ಮದುವಿ ಐತಿ, ಜವಳಿ ತಗೊಳ್ಳಾಕ ಬಂದಿದ್ವಿ. ಹುಡುಗಿನ್ನೂ ಕರಕೊಂಡು ಹೋಗ್ತೀವಿ," ಎಂದವರೇ ಹೊರಟುಬಿಟ್ಟರು. ಅಕ್ಷತಾ ಮುಗಿಯದ ಡಂಗ್ರಿಯನ್ನು ಚೀಲಕ್ಕೆ ತುರುಕಿಕೊಂಡು ಅಳುತ್ತ ಹೋದಳು. ಮದುವೆ ಬರೀ ನೆಪ ಎಂದುಕೊಂಡೆ. ಇಂಥ ಅಜ್ಜಿಯ ಹತ್ತಿರ ಇನ್ನು ಕೂಸನ್ನು ಯಾರು ಕಳಿಸುತ್ತಾರೆ? "ನಿಮ್ಮತ್ತಿ ಏನಂದ್ರು?" ಎಂದು ಮಗಳನ್ನು ಫೋನಿನಲ್ಲಿ ಕೇಳಿದಾಗಲೆಲ್ಲ, "ಏನೂ ಅಂದಿಲ್ಲ ಬೇ," ಎನ್ನುತ್ತಿದ್ದಳು. ಏನಾದರೂ ಅಂದಿದ್ದರೇ ಚೆನ್ನಾಗಿತ್ತು. ನನ್ನ ಡಂಗ್ರಿಯನ್ನು ತೊಳೆದು ಟ್ರಂಕಿನ ತಳಕ್ಕೆ ಹಾಕಿದೆ. ವರ್ಷವಿಡೀ ಆ ಟ್ರಂಕು ತೆಗೆದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಇಂದು ಆ ಚೀಲದಿಂದ ಅಕ್ಷತಾಳ ಡಂಗ್ರಿ ಹೊರಬಂತು. ಬೆಳೆದ ಕಾಲಿಗೆ ಸಾಕಾಗುವಂತೆ ಕೆಳಗೆ ಹಸಿರು ಸೀರೆಯ ಪಟ್ಟಿ ಹಚ್ಚಿತ್ತು. ಅದು ಬೀಗತಿಯ ಸೀರೆ, ನಾನು ಬಲ್ಲೆ. ತೆರೆದಿದ್ದ ಮೂಲೆ ಮುಚ್ಚಿತ್ತು. ಹಿಚುಕಿದರೆ ಒಳಗೆ ಗಟ್ಟಿ ಕಾಳು.

"ಆಯಿ ಹುರದ ಜ್ವಾಳ ಇಟ್ಟು ಹೊಲದಾಳ," ಎಂದಳು ಅಕ್ಷತಾ. ಬೀಗತಿಯನ್ನು ಅವಳು ಆಯಿ ಎನ್ನುತ್ತಾಳೆ. "ಬೇವಿನ ಎಲಿನೂ ಹಾಕ್ಯಾಳ. ಹೋಳಿಗಿ ಇಟ್ರ ಇರಿವಿ ಬರ್ತಾವ, ನಿಮ್ಮಜ್ಜಿಗೆ ಇಷ್ಟೂ ತಿಳಿಯಂಗಿಲ್ಲ ಅಂದ್ಲು."

"ಮತ್ತೇನಂದ್ರವಾ?"

"ಅವತ್ತ ಬಸ್ಸಿನಾಗ ಮುಳಗುಂದ ದಾಟೂ ತನಕ ಬಾಯಾಗ ಸೆರಗಿಟ್ಕೊಂಡು ನಕ್ಲು. ನಿನ್ನ ಮುಂದ ನಕ್ರ ನಿನಗ ಬ್ಯಾಸರ ಆಕ್ಕೈತಿ ಅಂತ ಜಲ್ದಿ ಎದ್ದು ಬಂದಳಂತ."

ಟ್ರಂಕು ತೆಗೆದು ನನ್ನದನ್ನು ಹೊರಗೆಳೆದೆ. ಮೂಲೆ ಬಿಚ್ಚಿ ಜಾಡಿಸಿ, ಹುರಿದ ಜೋಳ ತುಂಬಿ ಹೊಲಿದೆ. ಆಮೇಲೆ ಮಾಳಿಗೆಯ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಡಂಗ್ರಿ ತೊಟ್ಟು ಶಂಡಿಗೆ ಹಾಕುತ್ತಿದ್ದೆವು. ಕೆಳಗಿನಿಂದ ನೆರೆಮನೆಯಾಕೆ, "ಎಲ್ಲದೀಯವಾ?" ಎಂದು ಕೂಗಿದಳು. ಕಿವಿ ಬಿಸಿಯಾಯಿತು. ಹಗ್ಗದ ಮೇಲೆ ಸೀರೆ ಕೈಗೆಟುಕುವಷ್ಟೇ ದೂರದಲ್ಲಿತ್ತು.

ಮುಟ್ಟಲಿಲ್ಲ. "ಮ್ಯಾಲದೀನಿ, ಬಾ," ಎಂದೆ.