‘ಇಲ್ಲೆ’ ಎಂದರೆ ‘ಇಲ್ಲೇ’ ಅಲ್ಲ

ನನ್ನ ಹೆಸರಿನ ಮುಂದಿರುವ ‘ಡಾ.’ ಒಮ್ಮೆ ಹಾಲಾಡಿಯ ಮನೆಯೊಂದರ ಅಟ್ಟದಲ್ಲಿ, ಭತ್ತದ ಮುಡಿಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಕೆಳಗಿಳಿಸಿದ ಕಥೆಯನ್ನು ನಾನು ಕಾಲೇಜಿನ ಯಾವ ಸಮಾರಂಭದಲ್ಲೂ ಹೇಳಿಲ್ಲ. ಹೇಳಿದರೆ ನಗುತ್ತಾರೆ, ನಗುವುದರಲ್ಲಿ ತಪ್ಪೂ ಇಲ್ಲ.

ಕುಂದಾಪುರದ ಕಾಲೇಜೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಮೀನು ಮಾರುವ ಹೆಂಗಸರ ಮಾತು. ಶಿರೂರಿನಿಂದ ಬ್ರಹ್ಮಾವರದವರೆಗೆ ಒಂದು ಮಾರುಕಟ್ಟೆಯನ್ನೂ ಬಿಡದೆ ರೆಕಾರ್ಡರ್ ಹಿಡಿದು ಅಲೆದೆ. ಮನೆಗೆ ಬಂದರೆ ಹೆಂಡತಿ ಅಂಗಿ ಮೂಸಿ, “ಎಂತ, ಇವತ್ತೂ ಬರೀ ವಾಸ್ನೆಯಾ? ಮೀನ್ ಇಲ್ಯಾ?” ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ, ನಿಯಮದಂತೆ, ಮೂಲ ಧ್ವನಿಮುದ್ರಣಗಳನ್ನು ಒಂದು ಹಾರ್ಡ್‌ಡಿಸ್ಕಿಗೆ ತುಂಬಿ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದೆ. ಸಂಶೋಧನೆಯ ದತ್ತಾಂಶ ಕೆಡದಂತೆ ಇರಬೇಕು, ಯಾರು ಬಂದು ಕೇಳಿದರೂ ಸಿಗಬೇಕು. ನನ್ನ ಬಳಿ ಇದ್ದ ನಕಲು, ಹಳೆಯ ಲ್ಯಾಪ್‌ಟಾಪಿನ ಜೊತೆ ಕಾಲವಾಯಿತು. ವರ್ಷಗಟ್ಟಲೆ ಯಾರೂ ಬಂದು ಕೇಳಲಿಲ್ಲವಾದ್ದರಿಂದ ನಾನೂ ಆರಾಮಾಗಿದ್ದೆ.

ಆಮೇಲೆ ಒಂದು ದೂರು ಹೋಯಿತು. ನನ್ನ ಪ್ರಬಂಧದಲ್ಲಿ ‘ಕೆಮಿಪಂಡಿತ’ ಎಂಬ ಪದವಿದೆ. ನಮ್ಮಲ್ಲಿ ಕೆಮಿ ಎಂದರೆ ಕಿವಿ; ಮೀನಿನ ಕಿವಿರಿಗೂ ಅದೇ ಮಾತು. ಕೆಮಿ ಎತ್ತಿ, ಕೆಂಪಗಿದೆಯೇ ಎಂದು ಪರೀಕ್ಷಿಸಿ, ಏನೂ ಕೊಳ್ಳದೆ ಹೋಗುವ ಗಿರಾಕಿಯೇ ಕೆಮಿಪಂಡಿತ. ಈ ಒಂದು ಪದದ ಮೇಲೆ ನಾನು ನಾಲ್ಕು ಪುಟ ಬರೆದಿದ್ದೆ. ‘ಪಂಡಿತ’ ಎಂದರೆ ನಾಟಿ ವೈದ್ಯನೂ ಹೌದಲ್ಲ; ನಾಟಿ ವೈದ್ಯಕ್ಕೂ ಮೀನು ವ್ಯಾಪಾರಕ್ಕೂ ಇದ್ದ ಪುರಾತನ ನಂಟನ್ನು ಅದರಿಂದಲೇ ಹೊರಗೆಳೆದಿದ್ದೆ. ಅಂಥ ಪದವೇ ಇಲ್ಲ, ಇದು ಸಂಶೋಧಕನ ಸ್ವಂತ ಸೃಷ್ಟಿ ಎಂಬುದು ದೂರು. ಮೂಲ ಧ್ವನಿಮುದ್ರಣ ಹಾಜರುಪಡಿಸಿ, ಇಲ್ಲವಾದರೆ ಪದವಿಯನ್ನೇ ಹಿಂಪಡೆಯಬೇಕಾದೀತು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂತು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ಸುಳ್ಳುಗಾರ ಎನ್ನಿಸಿಕೊಳ್ಳುವುದಕ್ಕೆ ಅಷ್ಟು ವರ್ಷ ಮೀನಿನ ನೀರು ತುಳಿಯಬೇಕಿತ್ತೇ?

ನಮ್ಮ ಗ್ರಂಥಪಾಲಕಿ ಮೈಸೂರು ಕಡೆಯವರು, ಬಂದು ಎರಡು ವರ್ಷ. ಅವರು ರಿಜಿಸ್ಟರ್ ನೋಡಿ, ‘ದತ್ತಾಂಶ ನಮ್ಮಲ್ಲೇ ಇದೆ, ಬಂದು ಪರಿಶೀಲಿಸಬಹುದು’ ಎಂದು ಉತ್ತರವನ್ನೂ ಕಳಿಸಿದರು. ಪರಿಶೀಲನೆಗೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರುವುದೆಂದಾಯಿತು. ಅವರು ಬರುವ ಹಿಂದಿನ ದಿನ ಕಪಾಟು ತೆರೆದೆವು. ಒಳಗಿದ್ದದ್ದು ಗೆದ್ದಲಿನ, ನಮ್ಮ ಮಾತಿನಲ್ಲಿ ಒರ್ಲಿಯ, ಮಣ್ಣು ಮತ್ತು ಒಂದು ಸತ್ತ ಹಲ್ಲಿ.

“ರಿಜಿಸ್ಟರ್‌ನಲ್ಲಿ ಬರೆದಿದೆಯಲ್ಲ ಸರ್,” ಎಂದು ಗ್ರಂಥಪಾಲಕಿ ಪುಟ ತಿರುಗಿಸಿದರು. ನಿವೃತ್ತರಾದ ಅಟೆಂಡರರ ದುಂಡನೆಯ ಅಕ್ಷರ: ‘ಹಾರ್ಡ್‌ಡಿಸ್ಕ್ ಇಲ್ಲೆ.’

“ಮೇಡಂ, ಇದು ಇಲ್ಲೇ ಅಲ್ಲ. ಇಲ್ಲೆ.”

“ಅದೇ ಸರ್, ಇಲ್ಲೇ.”

“ನಮ್ಮ ಕಡೆ ಇಲ್ಲೆ ಅಂದ್ರೆ ಇಲ್ಲ ಅಂತ!”

ಅವರು ಒಮ್ಮೆ ಪುಟವನ್ನು, ಒಮ್ಮೆ ನನ್ನನ್ನು ನೋಡಿದರು. “ಇಲ್ಲ ಅನ್ನೋದಕ್ಕೆ ಇಲ್ಲ ಅಂತ ಬರೆಯೋಕೆ ಏನಾಗಿತ್ತು ಸರ್?” ನ್ಯಾಯವಾದ ಪ್ರಶ್ನೆ. ಪಾಪ, ಆ ಹೆಂಗಸು ಎರಡು ವರ್ಷದಿಂದ ಕಳೆದುಹೋದ ಪುಸ್ತಕಗಳನ್ನೆಲ್ಲ ‘ಇಲ್ಲೇ ಇವೆ’ ಎಂದು ವರದಿ ಮಾಡುತ್ತ ಬಂದಿದ್ದರು.

ಹಾಲಾಡಿಯಲ್ಲಿದ್ದ ಅಟೆಂಡರರಿಗೆ ಫೋನ್ ಹಚ್ಚಿದೆ.

“ಹ್ವಾಯ್ ಮಾಷ್ಟ್ರೇ, ಇಲ್ಲೆ ಅಂದೇಳಿ ಬರ್ದಿದ್ದೆ ಅಲ್ದಾ? ಕಪಾಟಿಗೆ ಒರ್ಲಿ ಹಿಡ್ದಿತ್ತ್. ನಮ್ಮನಿಗ್ ತಂದಿಟ್ಟಿದ್ದೆ.”

“ಒಬ್ರಿಗಾದ್ರೂ ಹೇಳೂಕಾಗ್ದಾ?”

“ಒಬ್ರಾದ್ರೂ ಕೇಳ್ಲಿಲ್ಲೆ!”

ಮರುದಿನ ಬೆಳಿಗ್ಗೆಯೇ ಹಾಲಾಡಿಗೆ ಓಡಿದೆ. ಅಟೆಂಡರರು ಅಟ್ಟಕ್ಕೆ ಏಣಿ ಇಟ್ಟು ಒಂದು ಮುಡಿ ಇಳಿಸಿದರು. ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಬಿತ್ತನೆ ಭತ್ತದ ದೊಡ್ಡ ಉಂಡೆ. ಅದರ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ನನ್ನ ಹಾರ್ಡ್‌ಡಿಸ್ಕ್ ಬೆಚ್ಚಗೆ ಮಲಗಿತ್ತು. ಪ್ರತಿ ವರ್ಷ ಬಿತ್ತನೆಗೆ ಮುಡಿ ಬಿಚ್ಚಿದಾಗ ಅದನ್ನು ತೆಗೆದಿಟ್ಟು, ಹೊಸ ಮುಡಿ ಕಟ್ಟುವಾಗ ಮತ್ತೆ ಒಳಗಿಡುತ್ತಿದ್ದರಂತೆ. “ಬಿತ್ತದ್ ಭತ್ತವೇ ಕೆಡುದಿಲ್ಲೆ ಅಂದ್ರೆ ನಿಮ್ಮ್ ಮಾತ್ ಕೆಡುತ್ತಾ?” ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಗಿತ್ತು.

ಮಧ್ಯಾಹ್ನ ಪ್ರಾಧ್ಯಾಪಕರ ಮುಂದೆ ಡಿಸ್ಕ್ ಜೋಡಿಸಿದೆವು. ಎರಡು ಭತ್ತದ ಕಾಳು ಮೇಜಿನ ಮೇಲೆ ಉದುರಿದವು. ಬೈಂದೂರು ಮಾರುಕಟ್ಟೆಯ ಗದ್ದಲದ ನಡುವೆ, ನೋಡಿ ಕೊಳ್ಳದೆ ಹೋಗುವವರಿಗೆ ಏನೆನ್ನುತ್ತೀರಿ ಎಂಬ ನನ್ನ ಪ್ರಶ್ನೆ, ಮೀನು ಮಾರುವ ಮುದುಕಿಯೊಬ್ಬಳ ಉತ್ತರ: “ಅಂಥವ್ರಿಗಾ? ಕೆಮಿಪಂಡಿತ ಅಂಬ್ರ್.” ಪದ ಇತ್ತು! ನಾನು ಎದೆಯುಬ್ಬಿಸಿ ನಿಲ್ಲಿಸಲು ಕೈ ಚಾಚಿದೆ. “ಇರಲಿ, ಮುಂದೆ ಕೇಳೋಣ,” ಎಂದರು ಪ್ರಾಧ್ಯಾಪಕರು.

ಆ ಮುಂದಿನದನ್ನು ನಾನೂ ಕೇಳಿರಲಿಲ್ಲ. ಅಂದು ಪದ ಸಿಕ್ಕ ಸಂಭ್ರಮದಲ್ಲಿ ಅದನ್ನು ಬರೆದುಕೊಂಡು, ರೆಕಾರ್ಡರನ್ನು ಬುಟ್ಟಿಯ ಬಳಿಯೇ ಬಿಟ್ಟು, ಮುಂದಿನ ಸಾಲಿಗೆ ಓಡಿದ್ದೆ. ಮನೆಯಲ್ಲಿ ಕೇಳುವಾಗಲೂ ಅಲ್ಲಿಗೇ ನಿಲ್ಲಿಸಿ ನಾಲ್ಕು ಪುಟ ಬರೆಯಲು ಕೂತಿದ್ದೆ. ಈಗ ಮುದುಕಿ ಪಕ್ಕದವಳಿಗೆ ಹೇಳುವುದು ಕೇಳಿಸಿತು: “ಬರ್ಕಂಡೇ ಹೋದ್ರ್ ಕಾಣ್ ಹೆಣೆ! ಆ ಮಾಷ್ಟ್ರನ್ ಕಂಡೇ ಆ ಮಾತ್ ನಾನೀಗ ಕಟ್ಟಿ ಹೇಳದ್ದ್. ಮೂರ್ ದಿನ ಆಯ್ತ್, ಕೆಮಿ ಎತ್ತಿ ಎತ್ತಿ ಕಾಂತ್ರ್, ಒಂದ್ ಬಂಗ್ಡೆ ತಕಂಬುದಿಲ್ಲೆ!” ಆಮೇಲೆ ಇಡೀ ಸಾಲೇ ನಕ್ಕ ಸದ್ದು.

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಪ್ರಾಧ್ಯಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಪದ ನಿಮ್ಮ ಸೃಷ್ಟಿಯಲ್ಲ. ನೀವೇ ಆ ಪದದ ಅರ್ಥ,” ಎಂದು ಹೊಟ್ಟೆ ಹಿಡಿದು ನಕ್ಕರು. ದತ್ತಾಂಶ ಇದೆ, ಮೋಸವಿಲ್ಲ, ನಾಲ್ಕು ಪುಟ ತೆಗೆಯಬೇಕು ಎಂದು ವರದಿ ಬರೆದರು. ‘ಡಾ.’ ಉಳಿಯಿತು, ಪುರಾತನ ನಂಟು ಹೋಯಿತು.

ಮುದುಕಿಗೆ ಇದನ್ನು ಹೇಳಲೇಬೇಕು ಅನ್ನಿಸಿ ಆ ಭಾನುವಾರ ಬೈಂದೂರಿಗೆ ಹೋದೆ. ಅವಳ ಜಾಗದಲ್ಲಿ ಸೊಸೆ ಕೂತಿದ್ದಳು. ಮಾತು ತೆಗೆಯುವ ಮೊದಲೇ ನನ್ನ ಕೈ ಅಭ್ಯಾಸಬಲದಿಂದ ಬಂಗುಡೆಯ ಕೆಮಿ ಎತ್ತಿತು. ಅವಳು ಪಕ್ಕದವಳತ್ತ ತಿರುಗಿ, “ಬಂದ್ರ್ ಕಾಣಿ, ಕೆಮಿಪಂಡಿತ್ರ್!” ಎಂದಳು. ಸಾಲಿನಲ್ಲಿ ಯಾರೂ ಅರ್ಥ ಕೇಳಲಿಲ್ಲ, ಎಲ್ಲರೂ ನಕ್ಕರು.

“ಈ ಮಾತ್ ಎಲ್ಲಿ ಕಲ್ತದ್ದ್?”

“ನಮ್ಮತ್ತಿ ಹೇಳ್ತಿದ್ರ್. ಇಲ್ಲೆಲ್ಲ ಹಾಂಗೇ ಹೇಳುದ್. ಅತ್ತಿ ಹೋಯಿ ಎರಡ್ ವರ್ಷ ಆಯ್ತ್.”

ಅವರ ಸ್ವರ ನಮ್ಮ ಕಾಲೇಜಿನಲ್ಲಿದೆ ಎಂದೆ. ಅವಳು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. “ಹೌದಾ? ನಮ್ಮತ್ರ ಒಂದ್ ಪಟ ಬಿಟ್ರೆ ಎಂತದೂ ಇಲ್ಲೆ. ಒಂದ್ಸಲ ಕೇಂಬುಕೆ ಕೊಡ್ತ್ರಿಯಾ?”

ಮರುವಾರ ಅವಳು ಬಂದಳು. ದತ್ತಾಂಶ ಬೇಕೆಂದು ನಮ್ಮ ಗ್ರಂಥಾಲಯಕ್ಕೆ ತಾನಾಗಿ ಬಂದ ಮೊದಲ ವ್ಯಕ್ತಿ. ಅರ್ಜಿಯಲ್ಲಿ ‘ಉದ್ದೇಶ’ ಎಂಬಲ್ಲಿ ಏನು ಬರೆಯಲಿ ಎಂದು ಗ್ರಂಥಪಾಲಕಿ ಕೇಳಿದಾಗ, “ಅತ್ತಿ,” ಎಂದಳು. ಅವರು ಹಾಗೆಯೇ ಬರೆದುಕೊಂಡರು. ಅವಳು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕೊನೆಯವರೆಗೂ ಕೇಳಿದಳು. ಮೊದಲು ಅತ್ತಳು, ಬಂಗುಡೆಯ ಮಾತು ಬಂದಾಗ ಜೋರಾಗಿ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದಳು.

“ಹ್ವಾಯ್ ಮಾಷ್ಟ್ರೇ, ಕಡಿಗಾದ್ರೂ ನಮ್ಮತ್ತಿ ಹತ್ರ ಒಂದ್ ಬಂಗ್ಡೆ ತಕಂಡ್ರ್ಯಾ?”

“ಇಲ್ಲೆ,” ಎಂದೆ.

ಮೈಸೂರಿನ ಗ್ರಂಥಪಾಲಕಿಗೂ ಈ ಸಲ ಸರಿಯಾಗಿಯೇ ಅರ್ಥವಾಯಿತು.